ವಿಶೇಷ ಇದೆ

ಫೆಬ್ರವರಿ ೩, ಸೋಮವಾರ

ಹಾಲಿನ ಡೈರಿಯವರು ಸಿಬ್ಬಂದಿಗೆಲ್ಲ ಬರೆಯುವ ಡೈರಿ ಹಂಚಿ ತಿಂಗಳಾಯಿತು. ‘ಡೈರಿ ಕೊಟ್ಟ ಡೈರಿ’ ಎಂದು ಊಟದ ಹೊತ್ತಿಗೆ ಹೇಳಿದೆ. ಹೆಂಡತಿ ನಗಲಿಲ್ಲ. ನಾದಿನಿ, “ಭಾವ, ಇದನ್ನ ಹೋದ ವರ್ಷವೂ ಹೇಳಿದ್ರಿ” ಎಂದಳು. ಆಕಳ ಹಾಲು ಮಾರುವವನ ಮಾತಿಗೆ ಮನೆಯವರಿಂದ ಸಿಗುವುದು ಆಕಳಿಕೆ ಮಾತ್ರ. ಇನ್ನು ಮುಂದೆ ನನ್ನ ಜೋಕುಗಳನ್ನು ಈ ಪುಸ್ತಕಕ್ಕೇ ಹೇಳಿಕೊಳ್ಳುತ್ತೇನೆ.

ಇವತ್ತಿನ ಸುದ್ದಿ: ಹೆಚ್ಚು ಕೊಬ್ಬಿನ ಹೊಸ ಹಾಲಿಗೆ ನಾನಿಟ್ಟ ಹೆಸರನ್ನು ಮ್ಯಾನೇಜರ್ ಒಪ್ಪಿದರು. ‘ವಿಶೇಷ’. ಪ್ಯಾಕೆಟ್ಟಿನ ಮೇಲೆ ನನ್ನದೇ ಸಾಲು: ‘ಏನು ವಿಶೇಷ? ನಮ್ಮ ಹಾಲು!’ ಜನ ದಿನಕ್ಕೆ ಹತ್ತು ಸಲ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗೆ ನಮ್ಮ ಹಾಲೇ ಉತ್ತರ. ಬಿಟ್ಟಿ ಜಾಹೀರಾತು. “ಕವಿಗಳೇ, ನಿಮಗೂ ಕೊಬ್ಬು ಕಮ್ಮಿ ಇಲ್ಲ” ಎಂದರು ಮ್ಯಾನೇಜರ್. ಹೊಗಳಿಕೆ ಎಂದೇ ತಿಳಿದೆ. ಡೈರಿಯ ಜಾಹೀರಾತು ಬರೆಯುವವನಿಗೆ ಕವಿ ಪಟ್ಟ ಸಿಗುವುದು ಹೀಗೆ ಬೈಗುಳದ ಜೊತೆಯಲ್ಲೇ.

ಹತ್ತೊಂಬತ್ತಕ್ಕೆ ಊರೆಲ್ಲ ಬಿಡುಗಡೆ. ಅಲ್ಲಿಯವರೆಗೆ ಡೈರಿಯ ಸುತ್ತಲಿನ ಕೆಲವು ಬೀದಿಗಳಲ್ಲಿ ಮಾತ್ರ ಮಾರಿ ನೋಡುತ್ತಾರೆ. ಸಿಬ್ಬಂದಿಗೆ ಉಚಿತ. ನಾನು ಎರಡು ಪ್ಯಾಕೆಟ್ ಮನೆಗೆ ತಂದೆ. ನಾದಿನಿ ಬಸುರಿ, ಏಳು ತಿಂಗಳು. ಗಂಡನಿಗೆ ಸದಾ ಊರೂರು ಸುತ್ತುವ ಕೆಲಸವಾದ್ದರಿಂದ ನಮ್ಮ ಜೊತೆಗಿದ್ದಾಳೆ. “ವಿಶೇಷ ಇರೋವಳಿಗೆ ವಿಶೇಷ” ಎಂದು ಲೋಟ ತುಂಬ ಕೊಟ್ಟೆ. ಈ ಒಂದಕ್ಕೆ ಅವಳು ನಕ್ಕಳು. ಅವಳಕ್ಕ ನಗಲಿಲ್ಲ. ನನ್ನ ಹೆಂಡತಿ ಡೈರಿಯ ಪರೀಕ್ಷಾ ಕೊಠಡಿಯ ಮುಖ್ಯಸ್ಥೆ. ಒಳಗೆ ಬರುವುದೆಲ್ಲ ಕಲಬೆರಕೆ ಎಂದೇ ಅವಳು ಶುರುಮಾಡುವುದು, ನನ್ನ ಮಾತನ್ನೂ ಸೇರಿಸಿ.

ಫೆಬ್ರವರಿ ೫, ಬುಧವಾರ

ಹೆಂಡತಿಯ ಕೊಠಡಿಗೆ ಹೊಸ ಯಂತ್ರ ಬಂದಿದೆ. ಬೀರುವಿನಷ್ಟು ದೊಡ್ಡದು. ಹಾಲಿನಲ್ಲಿ ಕೀಟನಾಶಕ ಒಂದು ಚಿಟಿಕೆಯ ಚಿಟಿಕೆಯಷ್ಟಿದ್ದರೂ ಹಿಡಿದು ಹಾಕುತ್ತದಂತೆ. ಯಂತ್ರದ ಜೊತೆಗೆ ಅದನ್ನು ಕಲಿಸಲು ಒಬ್ಬ ಯುವಕನೂ ಬಂದಿದ್ದಾನೆ. ಯಂತ್ರಕ್ಕೆ ಒಂದು ವರ್ಷ ಗ್ಯಾರಂಟಿ. ಯುವಕನಿಗೆ ಯಾವ ಗ್ಯಾರಂಟಿಯೂ ಇಲ್ಲ.

ಎಲ್ಲಿ ಬಿಟ್ಟರೂ ಸ್ವಲ್ಪ ಹೊತ್ತಿಗೆ ಮೇಲಕ್ಕೆ ತೇಲಿ ಬರುವ ತಳಿ. ಕಾಫಿ ಹೊತ್ತಿಗೆ ನೋಡಿದರೆ ಇಡೀ ಕೆಳಮಹಡಿ ಅವನ ಸುತ್ತ. ಹಾಗಾಗಿ ಅವನಿಗೆ ‘ಕೆನೆ’ ಎಂದು ಹೆಸರಿಟ್ಟೆ. ನನ್ನನ್ನು ಕಂಡು, “ಸಾರ್, ವಿಶೇಷ ಅನ್ನೋ ಹೆಸರು ನಿಮ್ಮದಂತಲ್ಲ? ಚೆನ್ನಾಗಿದೆ” ಎಂದ. ನಾನು ವಿನಯದಿಂದ ತಲೆಬಾಗಿದೆ. ಬಾಗಿದಾಗ ಅವನ ಬೂಟು ಕಾಣಿಸಿತು. ನನ್ನದಕ್ಕಿಂತ ಹೊಸದು.

ಸಂಜೆ ಮೆಟ್ಟಿಲ ಮೇಲಿದ್ದಾಗ ಹೆಂಡತಿ ನಕ್ಕದ್ದು ಕೇಳಿಸಿತು. ಎರಡು ಮುಚ್ಚಿದ ಬಾಗಿಲು ದಾಟಿ ಬಂದ ನಗು.

ಫೆಬ್ರವರಿ ೬, ಗುರುವಾರ

ಹೆಂಡತಿ ತಡವಾಗಿ ಬಂದಳು. ಯಂತ್ರ ಬಿಸಿಯಾಗಲು ಹೊತ್ತು ಹಿಡಿಯುತ್ತದಂತೆ. ನನಗೆ ಹಿಡಿಯುವುದಿಲ್ಲ.

ಫೆಬ್ರವರಿ ೧೦, ಸೋಮವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಕೆಳಮಹಡಿಗೆ ಹೋಗಿದ್ದೆ. ‘ಪ್ರೋಟೀನ್’ ಎನ್ನುವಾಗ ದೀರ್ಘ ಎಲ್ಲಿ ಎಂದು ಹೆಂಡತಿಯನ್ನು ಕೇಳುವ ನೆಪ. ಕಾಗುಣಿತದಲ್ಲಿ ಅವಳಿಗಿಂತ ನಾನೇ ಜಾಣ ಎಂಬುದು ಬೇರೆ ಮಾತು. ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಕೆನೆಯ ದನಿ:

“ಅನುಮಾನವೇ ಇಲ್ಲ ಮೇಡಂ. ವಿಶೇಷ ಇದೆ.”

“ಮೆಲ್ಲಗೆ ಹೇಳಿ. ಈಗಲೇ ಯಾರಿಗೂ ಗೊತ್ತಾಗಬಾರದು.”

“ಸಾರ್‌ಗೂ?”

“ಅವರಿಗಂತೂ ಬೇಡವೇ ಬೇಡ. ಇನ್ನೊಂದ್ಸಲ ಟೆಸ್ಟ್ ಮಾಡಿ ಖಾತ್ರಿ ಮಾಡ್ಕೊಳ್ಳೋಣ.”

ನಾನು ಪ್ರೋಟೀನನ್ನೂ ದೀರ್ಘವನ್ನೂ ಅಲ್ಲೇ ಬಿಟ್ಟು ಮೇಲೆ ಬಂದೆ. ಮದುವೆಯಾಗಿ ಹನ್ನೊಂದು ವರ್ಷ. ಕಂಡವರೆಲ್ಲ ‘ಏನಾದ್ರೂ ವಿಶೇಷ?’ ಎಂದು ಕೇಳುವುದನ್ನು ನಿಲ್ಲಿಸಿಯೇ ನಾಲ್ಕೈದು ವರ್ಷವಾಯಿತು. ನನ್ನ ಮೇಜಿನ ಮುಂದೆ ಕೂತು ಅರ್ಧ ಗಂಟೆ ಏನೂ ಬರೆಯಲಿಲ್ಲ. ಆ ಅರ್ಧ ಗಂಟೆ ನಾನು ಎಷ್ಟು ಸುಖವಾಗಿದ್ದೆ ಎಂದರೆ, ಫೋನ್ ರಿಂಗಾದರೂ ಎತ್ತಲಿಲ್ಲ, ಒಂದು ಶ್ಲೇಷೆಯೂ ಹೊಳೆಯಲಿಲ್ಲ.

ಆಮೇಲೆ ಹೊಳೆಯಿತು. ಸುದ್ದಿ ಅವನಿಗೆ ಮೊದಲು ಯಾಕೆ ಗೊತ್ತಾಯಿತು? ನನಗೆ ‘ಬೇಡವೇ ಬೇಡ’ ಯಾಕೆ?

ಫೆಬ್ರವರಿ ೧೧, ಮಂಗಳವಾರ

ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಅಡುಗೆಮನೆಗೆ ಇಣುಕಿದರೆ ಹೆಂಡತಿ ನನ್ನ ‘ವಿಶೇಷ’ವನ್ನು ಸಿಂಕಿಗೆ ಸುರಿಯುತ್ತಿದ್ದಾಳೆ. ಪ್ಯಾಕೆಟ್ಟಿನ ಮೇಲೆ ನನ್ನ ಸಾಲು, ತಲೆಕೆಳಗಾಗಿ.

“ಯಾಕೆ, ಒಡೆದು ಹೋಗಿತ್ತಾ?”

“ಹೂಂ.”

ಒಡೆದಿರಲಿಲ್ಲ. ಒಡೆದ ಹಾಲು ಹಾಗೆ ಒಂದೇ ಧಾರೆಯಾಗಿ ಇಳಿಯುವುದಿಲ್ಲ. ಮೇಜಿನ ಮೇಲೆ ಒಂದು ಸ್ಟೀಲ್ ಕ್ಯಾನು. ಕೆನೆಯ ದೊಡ್ಡಮ್ಮ ಹಿತ್ತಿಲಿನಲ್ಲಿ ಎರಡು ಹಸು ಸಾಕಿದ್ದಾಳಂತೆ. ಅಲ್ಲಿಂದ ಅವನೇ ತಂದು ಬಾಗಿಲಲ್ಲಿಟ್ಟು ಹೋದದ್ದು.

“ಇನ್ಮೇಲೆ ಮನೆಗೆ ಈ ಹಾಲೇ. ಪ್ಯಾಕೆಟ್ ತರಬೇಡಿ.”

“ನನ್ನ ಹಾಲಿಗೆ ಏನಾಗಿದೆ?”

“ರೀ, ನಿಮ್ಮ ಹಾಲು ಅಂತ ಅನ್ನಬೇಡಿ, ಕೇಳೋಕಾಗಲ್ಲ. ಆಮೇಲೆ ಹೇಳ್ತೀನಿ. ಈಗ ಸುಮ್ಮನೆ ನನ್ನ ಮಾತು ಕೇಳಿ.”

ಇವತ್ತಿಗೂ ನನ್ನನ್ನು ಸುಮ್ಮನಿರಿಸಿದವಳು ಅವಳೊಬ್ಬಳೇ. ಸುಮ್ಮನಾದೆ. ಹೊಟ್ಟೆ ಸುಮ್ಮನಾಗಲಿಲ್ಲ. ಉರಿ ತಡೆಯಲಾರದೆ ಡಾಕ್ಟರರಿಗೆ ಫೋನ್ ಮಾಡಿದರೆ, “ತಣ್ಣನೆ ಹಾಲು ಕುಡಿಯಿರಿ” ಎಂದರು. ಯಾರ ಹಾಲು ಎಂದು ಹೇಳಲಿಲ್ಲ.

ಫೆಬ್ರವರಿ ೧೨, ಬುಧವಾರ

ಇಂದು ಒಂದು ಸಣ್ಣ ಕೆಲಸ ಮಾಡಿದೆ. ತಪ್ಪೇನಿಲ್ಲ.

ಕೆನೆಯ ಸ್ಕೂಟರ್ ಸದ್ದು ಕೇಳಿದ್ದೇ ಗೇಟಿಗೆ ಓಡಿದೆ. “ಸಾರ್, ನೀವೇ ಎದ್ದುಬಿಟ್ರಾ?” ಎಂದ. “ಹಾಲುಗಲ್ಲದ ಹುಡುಗ ಎದ್ದಿರುವಾಗ ನಾನು ಮಲಗಿರೋದಾ?” ಎಂದೆ. ಅವನು ಖುಷಿಯಾಗಿ ನಕ್ಕ. ಇವನಿಗೆ ಬೈದರೂ ಹತ್ತುವುದಿಲ್ಲ. ಎಣ್ಣೆ ಸವರಿದ ಹಾಗೆ ಜಾರಿಹೋಗುತ್ತದೆ.

ಅವನ ಬೆನ್ನು ತಿರುಗಿದ್ದೇ ಕ್ಯಾನಿನ ಹಾಲನ್ನು ಮಲ್ಲಿಗೆ ಬುಡಕ್ಕೆ ಸುರಿದು, ಕೈಚೀಲದಲ್ಲಿಟ್ಟುಕೊಂಡಿದ್ದ ಎರಡು ಪ್ಯಾಕೆಟ್ ‘ವಿಶೇಷ’ವನ್ನು ಕ್ಯಾನಿಗೆ ತುಂಬಿದೆ. ಕಾಯಿಸಿಯೂ ಇಟ್ಟೆ. ಹೆಂಡತಿ ಎದ್ದು ಬಂದು, “ಅರೆ, ಹಾಲು ಕಾಯಿಸಿದ್ದೀರಾ? ಮಾದರಿ ಗಂಡ!” ಎಂದಳು. ಪರೀಕ್ಷೆಯವರ ಬಾಯಲ್ಲಿ ಮಾದರಿ ಎಂದರೆ ಸ್ಯಾಂಪಲ್ಲು. ಆದರೂ ಹನ್ನೊಂದು ವರ್ಷದಲ್ಲಿ ಸಿಕ್ಕ ಮೊದಲ ಪದವಿ, ಬಿಡಲಾಗದು.

ನನ್ನ ಲೆಕ್ಕ ಸರಳ. ನಮ್ಮ ಹಾಲಿನಲ್ಲಿ ಕೊಬ್ಬು ಹೆಚ್ಚು. ಹೊಟ್ಟೆಯಲ್ಲಿರುವುದು ನನ್ನ ಮಗು. ನನ್ನ ಮಗು ನನ್ನ ಹಾಲು ಕುಡಿಯಲಿ. ಆ ಹಾಲನ್ನು ನಾದಿನಿಯೂ ಕುಡಿದರೆ ಬೋನಸ್ಸು.

ಫೆಬ್ರವರಿ ೧೫, ಶನಿವಾರ

ನಾದಿನಿ ಎರಡನೇ ಲೋಟ ಕೇಳಿದಳು. “ಭಾವ, ದೊಡ್ಡಮ್ಮನ ಹಸು ದಿನದಿನಕ್ಕೂ ಚೆನ್ನಾಗಿ ಕೊಡ್ತಿದೆ ಅಲ್ವಾ? ಮೊದಲ ದಿನ ನೀರು ನೀರಾಗಿತ್ತು.” ನಾನು ಆಕಾಶ ನೋಡುತ್ತ, “ಮೇವು ಬದಲಾಯಿಸಿರಬೇಕು” ಎಂದೆ. ಇಷ್ಟು ಸುಖ ಯಾವ ಜಾಹೀರಾತಿನಲ್ಲೂ ಸಿಕ್ಕಿರಲಿಲ್ಲ.

ಆದರೆ ಒಂದು ಮುಳ್ಳು. ಹೆಂಡತಿ ದಿನಾ ಬೆಳಿಗ್ಗೆ ಪಾತ್ರೆಯಿಂದ ಒಂದು ಸಣ್ಣ ಬಾಟಲಿಗೆ ಹಾಲು ತುಂಬಿಕೊಂಡು ಹೋಗುತ್ತಾಳೆ. “ಕಚೇರಿಗೆ ಯಾಕೆ ಹಾಲು? ಡೈರಿಯಲ್ಲಿ ಹಾಲಿಗೆ ಬರವಾ?” ಎಂದೆ. “ಕೆಲಸ ಇದೆ” ಎಂದಳು. ಕೆಲಸ ಏನೆಂದು ನನಗೆ ಗೊತ್ತು. ಕೆನೆಯ ಕಾಫಿಗೆ. ಅವನು ತಂದ ಹಾಲು ಅವನಿಗೇ ವಾಪಸು; ನಡುವೆ ನಮ್ಮ ಮನೆಯ ಬಿಸಿ. ಕುದಿಯುತ್ತಿರುವುದು ಪಾತ್ರೆಯೊಂದೇ ಅಲ್ಲ.

ಆಮೇಲೆ ನೆನಪಾಗಿ ನಗು ಬಂತು. ಬಾಟಲಿಯಲ್ಲಿರುವುದು ನನ್ನ ‘ವಿಶೇಷ’ ತಾನೆ? ಕುಡಿಯಲಿ ಮಗ.

ಫೆಬ್ರವರಿ ೧೭, ಸೋಮವಾರ

ಕೆನೆ ಇವತ್ತು ತೇಲಲಿಲ್ಲ. ಕಾಫಿ ಹೊತ್ತಿಗೆ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಹೆಂಡತಿ ಮನೆಗೆ ಬಂದು ಊಟ ಮಾಡದೆ ಗೋಡೆ ನೋಡುತ್ತ ಮಲಗಿದಳು. ಜಗಳವಾಗಿರಬೇಕು. ಹಾಲಿಗೆ ಯಾರೋ ಹುಳಿ ಹಿಂಡಿದ್ದಾರೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳ ತಟ್ಟೆ ಮುಚ್ಚಿಟ್ಟು ಬಂದೆ, ಎರಡು ಸಲ ಎದ್ದು ನೋಡಿದೆ. ಅವಳು ಉಣ್ಣದಿದ್ದರೆ ಹೇಗೆ, ಈ ಸ್ಥಿತಿಯಲ್ಲಿ.

ನಾಳೆ ಮ್ಯಾನೇಜರ್ ಸಭೆ ಕರೆದಿದ್ದಾರೆ. ಬಿಡುಗಡೆಯ ವಿಷಯವೇ ಇರಬೇಕು.

ಫೆಬ್ರವರಿ ೧೮, ಮಂಗಳವಾರ

ವಿಷಯ ಅಲ್ಲ. ವಿಷ.

ಸಭೆಯಲ್ಲಿ ಹೆಂಡತಿ ಎದ್ದು ನಿಂತು ಒಂದೇ ಉಸಿರಿನಲ್ಲಿ ಹೇಳಿದಳು. ‘ವಿಶೇಷ’ದಲ್ಲಿ ಕೀಟನಾಶಕದ ಶೇಷ ಇದೆ, ಮಿತಿಗಿಂತ ಹೆಚ್ಚು. ಕೊಬ್ಬು ಹೆಚ್ಚಿಸಲೆಂದು ಆ ಹಸುಗಳಿಗೆ ಹೊಸದಾಗಿ ಹಾಕುತ್ತಿರುವ ಹಿಂಡಿಯಲ್ಲೇ ಅದು ಸಿಕ್ಕಿದೆ. ಈ ಮದ್ದು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕೂರುತ್ತದೆ. ಹಾಲು ಗಟ್ಟಿಯಾದಷ್ಟೂ ಹೆಚ್ಚು.

“ಕಾಯಿಸಿದರೆ ಹೋಗುತ್ತಲ್ಲ?” ಎಂದರು ಮ್ಯಾನೇಜರ್.

“ಕಾಯಿಸಿದರೆ ಕೀಟಾಣು ಸಾಯುತ್ತೆ ಸಾರ್. ಕೀಟನಾಶಕ ಸಾಯಲ್ಲ. ಕುಡಿದವರ ಮೈಯಲ್ಲಿ ಕೂತು ಕೂಡ್ತಾ ಹೋಗುತ್ತೆ. ಬಸುರಿಯರು, ಮಕ್ಕಳು ದಿನಾ ಕುಡೀತಾರೆ.”

ಕೆನೆ ಬೆವರು ಒರೆಸಿಕೊಂಡು, “ಹೋದ ವಾರವೇ ಕಂಡಿತ್ತು ಸಾರ್. ಖಾತ್ರಿಯಾಗೋವರೆಗೆ ಗುಟ್ಟಾಗಿಟ್ಟಿದ್ವಿ. ಮಾತಾಡುವಾಗಲೂ ವಿಷ-ಶೇಷ ಅನ್ನದೆ ‘ವಿಶೇಷ ಇದೆ’ ಅಂತಿದ್ವಿ, ಯಾರಿಗೂ ತಿಳೀದಿರಲಿ ಅಂತ. ಮೇಡಂ ಮಾಡಿದ ಪದ ಅದು” ಎಂದ.

ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಆ ಕ್ಷಣ ನನ್ನೊಳಗೆ ಎಷ್ಟು ವಸ್ತುಗಳು ಒಟ್ಟಿಗೆ ಬಿದ್ದವೋ ಹೇಳಲಾರೆ. ಮಗು ಬಿತ್ತು. ಅನುಮಾನ ಬಿತ್ತು. ನಾಚಿಕೆಗೇಡಿನ ಮಾತೆಂದರೆ, ಎಲ್ಲಕ್ಕಿಂತ ಮೊದಲು ಎದೆಗೆ ಚುಚ್ಚಿದ್ದು ಇದು: ನನ್ನ ಪದದ ಮೇಲೆ ನನಗಿಂತ ಒಳ್ಳೆಯ ಶ್ಲೇಷೆಯನ್ನು ನನ್ನ ಹೆಂಡತಿ ಮಾಡಿಬಿಟ್ಟಿದ್ದಳು.

ಮ್ಯಾನೇಜರ್ ಬಿಡಲಿಲ್ಲ. “ಹೋಲಿಕೆಗೆ ಅಂತ ಇವರ ದೊಡ್ಡಮ್ಮನ ಹಾಲು ಇಟ್ಕೊಂಡಿದ್ರಲ್ಲ, ಅದರ ಕಥೆ ಹೇಳಿ.”

ಹೆಂಡತಿಯ ದನಿ ತಗ್ಗಿತು. “ಮೊದಲ ದಿನ ಶುದ್ಧವಾಗಿತ್ತು. ಮಾರನೇ ದಿನದಿಂದ ಅದರಲ್ಲೂ ಇದೆ. ನಮ್ಮ ಹಾಲಿನಷ್ಟೇ.”

“ಹಿತ್ತಿಲ ಹಸುವಿನಲ್ಲೂ ಅಷ್ಟೇ, ನಮ್ಮದರಲ್ಲೂ ಅಷ್ಟೇ! ಮೇಡಂ, ಜ್ವರ ಹಾಲಿಗಲ್ಲ, ನಿಮ್ಮ ಥರ್ಮಾಮೀಟರಿಗೆ. ಯಂತ್ರ ವಾಪಸು ಕಳಿಸೋಣ. ನಾಳೆ ಬಿಡುಗಡೆ.”

ಅವಳು ಮೇಜನ್ನೇ ನೋಡುತ್ತಿದ್ದಳು. ಆ ಬಾಟಲಿ ಕಾಫಿಗಲ್ಲ, ಯಂತ್ರಕ್ಕೆ ಹೋಗುತ್ತಿತ್ತು. ಅದರಲ್ಲಿದ್ದದ್ದು ಏನೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ದಿನಕ್ಕೆ ನೂರು ಮಾತಾಡುವ ನಾಲಿಗೆ ಹೆಪ್ಪುಗಟ್ಟಿತ್ತು.

ಮನೆಗೆ ಬಂದಾಗ ನಾದಿನಿ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಲೋಟ. ಬೆಳಿಗ್ಗೆ ನಾನೇ ತುಂಬಿಟ್ಟ ಹಾಲು. ತುಟಿಯ ಮೇಲೆ ಬಿಳಿಯ ಮೀಸೆ.

ಲೋಟ ಕಿತ್ತುಕೊಂಡೆ. ಹಾಲು ನನ್ನ ಅಂಗಿ ಮೇಲೆ, ಅವಳ ಮಡಿಲ ಮೇಲೆ.

“ಭಾವ! ಏನಾಯ್ತು ನಿಮಗೆ?”

ಹೆಂಡತಿ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತಳು. ನಾನು ಹೇಳಿದೆ. ಗೇಟು, ಕ್ಯಾನು, ಮಲ್ಲಿಗೆ ಬುಡ, ಎಲ್ಲ. ಯಾಕೆ ಎಂಬುದನ್ನು ಮಾತ್ರ ಹೇಳಲಾಗಲಿಲ್ಲ. ಅವಳು ಕೇಳಲೂ ಇಲ್ಲ. ತಂಗಿಯ ಹತ್ತಿರ ಕೂತು ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಆ ಕೈ ನೋಡುತ್ತ ನಿಂತೆ. ಅವಳು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಫೆಬ್ರವರಿ ೧೯, ಬುಧವಾರ

ಡೈರಿಯ ಅಂಗಳದಲ್ಲಿ ಬ್ಯಾನರು ಕಟ್ಟುತ್ತಿದ್ದರು. ‘ಏನು ವಿಶೇಷ?’ ಎಂಬ ಅರ್ಧ ಮಾತ್ರ ಮೇಲೇರಿತ್ತು. ಉತ್ತರ ಇನ್ನೂ ನೆಲದ ಮೇಲಿತ್ತು. ಅದರ ಕೆಳಗೇ ಮ್ಯಾನೇಜರರಿಗೆ ಹೇಳಿದೆ. ಕೆನೆಯೂ ಅಲ್ಲೇ ಇದ್ದ, ಲಾರಿಯವರೂ ಇದ್ದರು.

“ಅಂದ್ರೆ, ಆ ಕ್ಯಾನಿಗೆ ನೀವು ನಮ್ಮದೇ ಹಾಲು ಹಾಕಿದ್ರಿ?”

“ಹೌದು ಸಾರ್.”

“ಯಾಕೆ?”

ಲಾರಿಯವರೂ ಕಿವಿ ನಿಮಿರಿಸಿದರು. “ಹೊಟ್ಟೆಕಿಚ್ಚಿಗೆ” ಎಂದೆ. ಅದರಲ್ಲಿ ಎರಡನೇ ಅರ್ಥವಿರಲಿಲ್ಲ.

ಮ್ಯಾನೇಜರ್ ಕೆಂಪಾದರು. “ಹೆಂಡತೀನ ಉಳಿಸೋಕೆ ಈಗ ಕಥೆ ಕಟ್ತಿದ್ದೀರಿ. ಆ ದೊಡ್ಡಮ್ಮನ್ನ ಕರೆಸಿ!”

“ದೊಡ್ಡಮ್ಮನ್ನ ಅಲ್ಲ ಸಾರ್, ಹಸುವನ್ನ ಕರೆಸಬೇಕು. ನಿಮ್ಮ ಕಣ್ಣೆದುರಿಗೇ.”

ಅದು ತಾನಾಗಿಯೇ ಬಾಯಿಗೆ ಬಂದದ್ದು. ಆಣೆಮಾಡಿ ಹೇಳುತ್ತೇನೆ, ಜೋಕಿಗೆಂದು ಹೇಳಲಿಲ್ಲ. ಮ್ಯಾನೇಜರ್ ಕಾರು ತೆಗೆದರು. ನನ್ನ ಹೆಂಡತಿಯೂ ಕೆನೆಯೂ ನಾನೂ ಹತ್ತಿದೆವು. ದೊಡ್ಡಮ್ಮ ಚೊಂಬು ಹಿಡಿದು ಕೂತವಳು ನಮ್ಮ ನಾಲ್ವರನ್ನೂ ನೋಡಿ, “ಒಂದು ಲೀಟರಿಗೆ ಇಷ್ಟು ಜನವಾ? ಹಸು ನಾಚಿಕೊಳ್ಳುತ್ತೆ, ಗಂಡಸರು ಆಚೆ ತಿರುಗಿ” ಎಂದಳು. ತಿರುಗಿದೆವು, ಮ್ಯಾನೇಜರೂ. ಬಾಟಲಿಗೆ ಅವರೇ ಮುಚ್ಚಳ ಹಾಕಿ, ಮಡಿಲಲ್ಲಿಟ್ಟುಕೊಂಡು ಬಂದರು.

ಯಂತ್ರ ಬಿಸಿಯಾಗುವುದು ನಿಜಕ್ಕೂ ತಡ. ಇಷ್ಟು ದಿನ ಅವಳು ಹೇಳಿದ್ದೆಲ್ಲ ನಿಜವೇ ಆಗಿತ್ತು. ಮಧ್ಯಾಹ್ನ ಉತ್ತರ ಬಂತು. ಹಸುವಿನ ಹಾಲು ಶುದ್ಧ. ಪಕ್ಕದಲ್ಲೇ ಇಟ್ಟ ನಮ್ಮ ‘ವಿಶೇಷ’ ಮೊದಲಿನ ಹಾಗೇ.

ಮ್ಯಾನೇಜರ್ ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ನನ್ನ ಹೆಂಡತಿಯನ್ನು ಕೇಳಿದರು: “ಮೇಡಂ, ಮೊಮ್ಮಗಳಿಗೆ ಅಂತ ನಾನು ಮನೆಗೆ ಒಯ್ದದ್ದು?”

“ಅದೇ ಸಾರ್.”

ಅವರು ಫೋನ್ ಹಿಡಿದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಬ್ಯಾನರು ಇಳಿಯುವ ಸದ್ದು ಕೇಳಿತು.

ಹಾಲಿಗೆ ಹುಳಿ ಹಿಂಡಿದವನು ಕೆನೆ ಎಂದುಕೊಂಡಿದ್ದೆ. ಹಿಂಡಿದ್ದು ಹಿಂಡಿ. ಮಿಕ್ಕದ್ದನ್ನು ಹಿಂಡಿದವನು ನಾನು.

ಫೆಬ್ರವರಿ ೨೦, ಗುರುವಾರ

ಹಾಲು ಮಾರಿದ ಬೀದಿಗಳಲ್ಲೆಲ್ಲ ಹಂಚಲು, ಅಂಗಡಿಗಳಿಗೆ ಅಂಟಿಸಲು ಒಂದು ಪ್ರಕಟಣೆ ಬೇಕೆಂದರು. ಬರೆಯಬೇಕಾದವನು ನಾನೇ. ಏಳು ಸಲ ಹರಿದು ಹಾಕಿದೆ. ಪ್ರತಿ ಸಲವೂ ಎಲ್ಲಿಂದಲೋ ಒಂದು ಜಾಣತನ ಬಂದು ಕೂರುತ್ತಿತ್ತು. ಕೊನೆಗೆ ಉಳಿದದ್ದು ಇಷ್ಟು:

‘ನಮ್ಮ ವಿಶೇಷ ಹಾಲಿನಲ್ಲಿ ಕೀಟನಾಶಕ ಇದೆ. ಕುಡಿಯಬೇಡಿ. ಮಕ್ಕಳಿಗೆ ಕೊಡಬೇಡಿ. ಕಾಯಿಸಿದರೂ ಅದು ಹೋಗುವುದಿಲ್ಲ. ಮನೆಯಲ್ಲಿರುವುದನ್ನು ನಮಗೆ ತಂದುಕೊಡಿ. ತಪ್ಪು ನಮ್ಮದು.’

ಮ್ಯಾನೇಜರ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು. “ಕವಿಗಳೇ, ಇದರಲ್ಲಿ ಏನೂ ಇಲ್ವಲ್ಲ.”

“ಇಲ್ಲ ಸಾರ್.”

ಕೊನೆಯ ಎರಡು ಪದದ ಮೇಲೆ ಅವರ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಹೊಡೆದು ಹಾಕಲಿಲ್ಲ. ಸಹಿ ಮಾಡಿದರು.

ಸಂಜೆ ನಾದಿನಿಯನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಕೆಲವು ದಿನ ಕುಡಿದದ್ದಕ್ಕೆ ಹೆದರಬೇಕಾದ್ದಿಲ್ಲ, ವರ್ಷಗಟ್ಟಲೆ ಕುಡಿದು ಕೂಡುತ್ತ ಹೋಗುವುದೇ ಅಪಾಯ, ಇನ್ನು ಮುಟ್ಟಬೇಡಿ ಎಂದರು. ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗಿತ್ತು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಫೆಬ್ರವರಿ ೨೩, ಭಾನುವಾರ

ಬೆಳಿಗ್ಗೆ ಕೆನೆಯ ಸ್ಕೂಟರಿನ ಹಿಂದೆ ಕೂತು ದೊಡ್ಡಮ್ಮನ ಮನೆಗೆ ನಾನೇ ಹೋಗಿ ಹಾಲು ತಂದೆ. ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ದಾರಿಯಲ್ಲಿ ಅವನು, “ಸಾರ್, ನಿಜ ಹೇಳಿ, ಹೊಟ್ಟೆಕಿಚ್ಚು ಹೋಯ್ತಾ?” ಎಂದ. “ಶೇಷ ಇದೆ” ಎಂದೆ. ಅವನು ಎಷ್ಟು ನಕ್ಕನೆಂದರೆ ಸ್ಕೂಟರ್ ಹೊಂಡಕ್ಕಿಳಿಯಿತು. ಒಳ್ಳೆಯ ಹುಡುಗ. ನಗುವುದು ಎಲ್ಲಿ ಎಂದು ಅವನಿಗೆ ಗೊತ್ತು. ಬೂಟು ಮಾತ್ರ ಈಗಲೂ ನನ್ನದಕ್ಕಿಂತ ಹೊಸದು.

ಹಾಲು ಕಾಯಿಸಿದೆ. ಹೆಂಡತಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಈ ನಾಲ್ಕು ದಿನ ಬೇಕಾದಷ್ಟೇ ಮಾತಾಡಿದ್ದಳು.

“ಅವತ್ತು ನಿನ್ನ ಕೊಠಡಿಯ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡೆ, ‘ಅವರಿಗಂತೂ ಬೇಡ’ ಅಂದೆ. ನನಗೆ ಯಾಕೆ ಹೇಳಲಿಲ್ಲ?” ಎಂದೆ.

“ನಿಮಗೆ ಹೇಳೋದಾ? ಅರ್ಧ ಗಂಟೆಗೆ ಅದರ ಮೇಲೊಂದು ಜೋಕು ಕಟ್ಟಿ ಇಡೀ ಮಹಡಿಗೆ ಹಂಚಿರ್ತಿದ್ರಿ.”

ನಿಜ. ಇಂಥ ಪದ ಸಿಕ್ಕಿದ್ದರೆ ನಾನು ಬಿಡುತ್ತಿರಲಿಲ್ಲ. “ಆ ಪದ ಹೇಗೆ ಹೊಳೀತು ನಿನಗೆ?”

“ಹನ್ನೊಂದು ವರ್ಷ ನಿಮ್ಮ ಮಾತು ಕುಡಿದಿದ್ದೀನಿ. ನನ್ನಲ್ಲೂ ಸ್ವಲ್ಪ ಕೂತಿರುತ್ತಲ್ಲ.” ನಗುವುದಕ್ಕೆ ಹೊರಟು ನಿಂತಳು. “ರೀ, ಒಂದು ಕೇಳ್ತೀನಿ. ಬಾಗಿಲ ಹತ್ತಿರ ನಿಂತು ನೀವು ಏನಂತ ಕೇಳಿಸ್ಕೊಂಡ್ರಿ?”

“ವಿಶೇಷ ಇದೆ ಅಂತ.”

“ಅದಕ್ಕೆ ಏನಂದ್ಕೊಂಡ್ರಿ?”

ನಾನು ಹಾಲಿನ ಪಾತ್ರೆಯನ್ನೇ ನೋಡಿದೆ. ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಜೋರಾಗಿ ನಕ್ಕಳು, ಎರಡು ಬಾಗಿಲು ದಾಟುವ ಆ ನಗು. ನಡುವೆಯೇ ನಿಂತುಹೋಯಿತು.

“ಖುಷಿಯಾಗಿತ್ತಾ?”

“ಅರ್ಧ ಗಂಟೆ.”

ಅವಳು ಸ್ಟೂಲನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು. ಇಬ್ಬರೂ ಪಾತ್ರೆ ನೋಡುತ್ತ ಕೂತೆವು. ಹಾಲು ಉಕ್ಕಿ ಒಲೆಯ ಮೇಲೆ ಇಳಿಯುವವರೆಗೆ ಯಾರೂ ಏಳಲಿಲ್ಲ.

ಹೊರಗಿನ ಕೋಣೆಯಿಂದ ನಾದಿನಿ ಕೂಗಿದಳು: “ಸುಟ್ಟ ವಾಸನೆ ಬರ್ತಿದೆ! ಭಾವ, ಏನು ವಿಶೇಷ?”

“ಏನೂ ಇಲ್ಲಮ್ಮ” ಎಂದೆ. ಹೆಂಡತಿ ಲೋಟ ತೊಳೆದು, ಉಳಿದದ್ದನ್ನು ತಂಗಿಗೆ ಬಗ್ಗಿಸಿದಳು.